ಗೋಡೆ ಇಲ್ಲದ ಮನೆಯ ಬಾಗಿಲು

ಕಳೆದ ತಿಂಗಳು ಹ್ಯೂಸ್ಟನ್ ಪಕ್ಕದ ಸೈಪ್ರೆಸ್‌ನಲ್ಲಿ, ಆಂಟಿಯ ಮಗಳ ಮನೆಯ ಹಾಲ್‌ನಲ್ಲಿ, ತೀರಿಹೋದ ಆಂಟಿಯ ನೆನಪಿಗೆಂದು ಜನ ಸೇರಿದ್ದರು. ಟಿವಿಯ ಮೇಲೆ ಅವರ ಫೋಟೋಗಳು ಬಂದು ಹೋಗುತ್ತಿದ್ದವು. ಮದುವೆಯದು, ಮಗಳ ಗ್ರಾಜುಯೇಷನ್ನಿನದು, ಯಾವುದೋ ಯುಗಾದಿ ಊಟದ್ದು. ಹೆಚ್ಚಿನವುಗಳಲ್ಲಿ ಅವರು ಕ್ಯಾಮೆರಾ ಬಿಟ್ಟು ಪಕ್ಕಕ್ಕೆ ನೋಡುತ್ತಿದ್ದರು. ಊಟದ ಹೊತ್ತಿಗೆ ಮೂವರು ಬೇರೆಬೇರೆಯಾಗಿ ನನ್ನ ಹತ್ತಿರ ಬಂದು ಒಂದೇ ಪ್ರಶ್ನೆ ಕೇಳಿದರು. "ಆ ವಿಡಿಯೋ ನಿಮ್ಮ ಹತ್ರ ಇತ್ತಲ್ವಾ, ಯಾಕೆ ಹಾಕಿಲ್ಲ?"

"ಇಲ್ಲ," ಎಂದಷ್ಟೇ ಹೇಳಿದೆ. ಅದು ನಿಜ. ಹತ್ತು ದಿನ ಮೊದಲು ಕೇಳಿದ್ದರೆ ಸುಳ್ಳಾಗುತ್ತಿತ್ತು. ಆಂಟಿಯ ಗಂಡ, ಅಂಕಲ್ ಮಾತ್ರ ಏನೂ ಕೇಳಲಿಲ್ಲ.

ಅದು ಹದಿನೇಳು ಸೆಕೆಂಡಿನ ವಿಡಿಯೋ. ಸುಂಟರಗಾಳಿ ಕೆಡವಿದ ಒಂದು ಮನೆಯ ಮುಂದೆ ಆಂಟಿ ನಿಂತಿದ್ದಾರೆ. ತೆಗೆದವಳು ನಾನು. ಆ ಮೂವರಿಗೆ ಕೊಡಬೇಕಾಗಿದ್ದ ಉತ್ತರ ಉದ್ದವಾಗುತ್ತದೆ ಎಂದು ಇಲ್ಲಿ ಬರೆಯುತ್ತಿದ್ದೇನೆ.

ಆಂಟಿ ಧಾರವಾಡದ ಕಡೆಯವರು. ಡಲ್ಲಾಸ್ ಪಕ್ಕದ ರಿಚರ್ಡ್‌ಸನ್ನಿನ ಒಂದು ಟೆಲಿಕಾಂ ಕಂಪನಿಯಲ್ಲಿ ಟೆಸ್ಟ್ ಎಂಜಿನಿಯರ್, ಮನೆ ಫ್ರಿಸ್ಕೋದಲ್ಲಿ. ನಾನಾಗ ರಿಚರ್ಡ್‌ಸನ್ನಿನಲ್ಲೇ ಎಂ.ಎಸ್. ಓದುತ್ತ ಇನ್ನು ಮೂವರು ಹುಡುಗಿಯರ ಜೊತೆ ಅಪಾರ್ಟ್‌ಮೆಂಟ್ ಹಂಚಿಕೊಂಡಿದ್ದೆ. ಅವರನ್ನು ಮೊದಲು ನೋಡಿದ್ದು ಒಂದು ಯುಗಾದಿ ಊಟದಲ್ಲಿ. ಒಳಗೆ ಹೋಳಿಗೆಗೆ ಸಾಲು ನಿಂತಿತ್ತು. ಫೋನ್ ಬಂತೆಂದು ನಾನು ಹಿಂದಿನ ಬಾಗಿಲಿನಿಂದ ಹೊರಗೆ ಹೋದೆ. ಅಲ್ಲಿ ಕಸದ ಡಬ್ಬಗಳ ಪಕ್ಕದಲ್ಲಿ, ಇಳಕಲ್ ಸೀರೆ ಉಟ್ಟ ಒಬ್ಬರು ಪಶ್ಚಿಮದ ಆಕಾಶವನ್ನು ನೋಡುತ್ತ ನಿಂತಿದ್ದರು. ನನ್ನ ಮಾತು ಮುಗಿಯುವವರೆಗೆ ಕಾದು ಕೇಳಿದರು.

"ಏನ್ ಓದ್ತಿ?"

"ಮ್ಯಾಪ್‌ಗಳಿಗೆ ಸಂಬಂಧಪಟ್ಟಿದ್ದು ಆಂಟಿ."

"ಓಡೂ ಗಾಡ್ಯಾಗ ಕುಂತು ನಕಾಶಿ ನೋಡಿದ್ರ ವಾಂತಿ ಬರ್ತೈತೇನು?"

"ಇಲ್ಲ."

"ಹಂಗಾರ ಶನಿವಾರ ಖಾಲಿ ಇಟ್ಕೋ."

ನನ್ನ ಹೆಸರು ಕೇಳಿದ್ದು ಶನಿವಾರ, ಕಾರಿನಲ್ಲಿ.

ಇಲ್ಲಿ ವಸಂತ ಬಂದರೆ ಬಿರುಗಾಳಿಗಳ ಹಿಂದೆ ಕಾರು ಓಡಿಸುವ ಒಂದು ದೊಡ್ಡ ಗುಂಪೇ ಇದೆ. ಕೆಲವರು ಅಧ್ಯಯನಕ್ಕೆ, ಹೆಚ್ಚಿನವರು ವಿಡಿಯೋಗೆ. ಆಂಟಿ ಆ ಗುಂಪಿನವರಲ್ಲ ಎಂದೇ ಹೇಳಿಕೊಳ್ಳುತ್ತಿದ್ದರು. ಅವರು ತರಬೇತಿ ಪಡೆದ ಸ್ವಯಂಸೇವಕಿ. ಮೋಡ ತಿರುಗಲು ಶುರುವಾದದ್ದನ್ನು ಕಣ್ಣಾರೆ ನೋಡಿ, ಕಾರಿನಲ್ಲಿದ್ದ ಹ್ಯಾಮ್ ರೇಡಿಯೋದಲ್ಲಿ ಹವಾಮಾನ ಕಚೇರಿಗೆ ತಿಳಿಸುವುದು ಅವರ ಕೆಲಸ. ಅದನ್ನು ಕೇಳಿ ಕಚೇರಿಯವರು ಎಚ್ಚರಿಕೆ ಕೊಡುತ್ತಾರೆ, ಊರಿನ ಸೈರನ್ ಕೂಗುತ್ತದೆ. "ನಾ ಬೆನ್ನ ಹತ್ತಾಕಿ ಅಲ್ಲ, ಕಾಯಾಕಿ," ಎನ್ನುತ್ತಿದ್ದರು.

ಅಂಕಲ್ ಸೋಫಾದಿಂದಲೇ ಸೇರಿಸುತ್ತಿದ್ದರು. "ಕಾಯಾಕಂತ ಇನ್ನೂರ್ ಮೈಲಿ ಗಾಡಿ ಓಡಸ್ತಾಳ. ಒಂದರ ಗಾಳಿ ಪೂರಾ ನೋಡ್ಯಾಳೇನು ಕೇಳವಾ."

ಅದು ಸತ್ಯವಾದ ಟೀಕೆ. ಆಂಟಿ ಯಾವ ಸುಂಟರಗಾಳಿಯನ್ನೂ ಕೊನೆಯವರೆಗೆ ನೋಡಿರಲಿಲ್ಲ. ಅವರದೊಂದು ಕಟ್ಟಳೆ ಇತ್ತು. ದಾರಿಯಲ್ಲಿ ಕಂಡ ಮೊದಲ ಮುರಿದ ಮನೆಯ ಹತ್ತಿರ ಕಾರು ನಿಲ್ಲಬೇಕು. ಗಾಳಿ ಮುಂದೆ ಹೋಗುತ್ತಿರಲಿ, ಅದರ ಹಿಂದೆ ಮೂವತ್ತು ಕಾರುಗಳು ನಮ್ಮನ್ನು ದಾಟಿ ಓಡಲಿ. "ಮುಗೀತ್ ನೋಡು, ಇಳಿ," ಎಂದು ಎಂಜಿನ್ ಆಫ್ ಮಾಡುತ್ತಿದ್ದರು. ಕ್ಯಾಮೆರಾ ಹಿಂದಿನ ಸೀಟಿಗೆ. ಫೋನ್‌ಗಳು ಒಂದು ಸ್ಟೀಲ್ ಡಬ್ಬಿಗೆ. ಅದರಲ್ಲಿ ಹಿಂದೆ ಶೇಂಗಾ ಚಟ್ನಿಪುಡಿ ಇತ್ತು. ನಾನು ಅವರ ಜೊತೆ ಹೋದ ಮೂರು ವಸಂತವೂ ನನ್ನ ಫೋನಿಗೆ ಬೆಳ್ಳುಳ್ಳಿಯ ವಾಸನೆ. ಡಿಕ್ಕಿಯಲ್ಲಿ ದಪ್ಪ ಅಟ್ಟೆಯ ಬೂಟು, ತೊಗಲಿನ ಕೈಗವಸು, ನೀರು, ನಾಲ್ಕು ತಾಡಪತ್ರಿ, ನಾಯಿ ಕಟ್ಟುವ ಒಂದು ಹಗ್ಗ. ಗೋಡೆ ಬಿದ್ದಾಗ ಮೊದಲು ಓಡಿಹೋಗುವುದು ನಾಯಿ, ಮನೆಯವರು ಮೊದಲು ಕೇಳುವುದೂ ಅದನ್ನೇ ಎಂದು ಅವರಿಗೆ ಗೊತ್ತಿತ್ತು.

ಅವರನ್ನು ಸೇವೆಗೆಂದೇ ಹೊರಟವರಂತೆ ಚಿತ್ರಿಸಿದರೆ ಅವರೇ ಒಪ್ಪುವುದಿಲ್ಲ. ಮೋಡವೆಂದರೆ ಅವರಿಗೆ ಪ್ರಾಣ. ರೇಡಿಯೋದಲ್ಲಿ ಅಳೆದು ತೂಗಿದ ಇಂಗ್ಲಿಷಿನಲ್ಲಿ ದಿಕ್ಕು, ದೂರ ಹೇಳುತ್ತಿದ್ದ ಅದೇ ಬಾಯಿ ಮರುಕ್ಷಣ, "ಇವತ್ತಿಂದು ಬರೇ ಸೋಮಾರಿ ಮೋಡ, ನಮ್ಮ ಮ್ಯಾನೇಜರ್ ಇದ್ದಂಗ ಐತಿ," ಎನ್ನುತ್ತಿತ್ತು. ಒಮ್ಮೆ ಹೊಲಗಳ ನಡುವೆ, ಸಂಜೆಯ ಬೆಳಕು ಬಿದ್ದ ಎತ್ತರದ ಮೋಡವೊಂದು ಬುಗುರಿಯಂತೆ ನಿಧಾನವಾಗಿ ತಿರುಗುವುದನ್ನು ನೋಡಿ ನಾನು "ಎಷ್ಟು ಚೆನ್ನಾಗಿದೆ," ಎಂದುಬಿಟ್ಟೆ. ತಕ್ಷಣ ನಾಚಿಕೆಯಾಯಿತು.

"ಚಂದ ಅನಸೂದು ತಪ್ಪಲ್ಲ," ಎಂದರು ಆಂಟಿ. "ಅದು ಯಾರ ಮನಿ ಕಡೆ ಹೊಂಟೈತೋ ಅವರ ಮುಂದ ಅನಬಾರದು, ಅಷ್ಟ. ನಾವು ನೋಡಾಕ ಬಂದೀವಿ, ಸುಳ್ಳ್ಯಾಕ ಹೇಳೂದು. ನೋಡಾಕ ಬಂದಾವರು ನೋಡಿದ್ದಕ್ಕ ನಿಲ್ಲಬೇಕು."

ಪೆಟ್ರೋಲ್ ಬಂಕ್‌ಗಳಲ್ಲಿ ಬೆನ್ನಟ್ಟುವವರೆಲ್ಲ ಸೇರುತ್ತಿದ್ದರು. ಕಾರಿನ ಮೇಲೆ ಕ್ಯಾಮೆರಾ ಕಟ್ಟಿಕೊಂಡ ಹುಡುಗರು ಇವತ್ತು ದೊಡ್ಡದೊಂದು ಬೀಳಲಿ ಎಂದು ಹಾರೈಸಿಕೊಳ್ಳುತ್ತ ಚಿಪ್ಸ್ ತಿನ್ನುತ್ತಿದ್ದರು. ಆಂಟಿ ಅವರಿಗೆ ಉಪದೇಶ ಮಾಡಿದ್ದನ್ನು ನಾನು ಕಂಡಿಲ್ಲ. ಒಮ್ಮೆ ಮಾತ್ರ, ಹಾಗೆ ಹಾರೈಸಿದವನಿಗೆ ಗರಿಗರಿಯಾದ ಒಂದು ಕಟಕ ರೊಟ್ಟಿ ಕೊಟ್ಟು, ನಿಮ್ಮ ತಾಯಿಯ ಮನೆ ಯಾವ ಊರಿನಲ್ಲಿ ಎಂದು ವಿಚಾರಿಸಿದರು. ಅವನು ಊರಿನ ಹೆಸರು ಹೇಳಿ, ರೊಟ್ಟಿ ಕೈಯಲ್ಲಿ ಹಿಡಿದುಕೊಂಡೇ ಆಕಾಶದ ಕಡೆ ನೋಡಿದ.

ಎರಡನೆಯ ವಸಂತದ ಒಂದು ಭಾನುವಾರ ಮಧ್ಯಾಹ್ನ. ಡಲ್ಲಾಸ್‌ನಿಂದ ವಾಯವ್ಯಕ್ಕೆ ಎರಡು ಗಂಟೆ ದಾರಿಯ ಒಂದು ಸಣ್ಣ ಊರು. ಗಾಳಿ ನಮ್ಮ ಮುಂದೆ ಅರ್ಧ ಮೈಲಿ ದೂರದಲ್ಲಿ ರಸ್ತೆ ದಾಟಿ ಹೋಯಿತು. ಆಲಿಕಲ್ಲು ನಿಂತ ಮೇಲೆ ನಾವು ಮುಂದೆ ಹೋದಾಗ ಎಡಗಡೆ ಮೊದಲ ಮನೆ ಕಂಡಿತು. ಚಾವಣಿ ಇರಲಿಲ್ಲ. ಇಟ್ಟಿಗೆ ಗೋಡೆ ಅಲ್ಲಲ್ಲಿ ಮೊಣಕಾಲೆತ್ತರ ಉಳಿದಿತ್ತು, ಬಾಕಿಯೆಲ್ಲ ಬರೀ ಕಾಂಕ್ರೀಟ್ ನೆಲ. ಆ ನೆಲದ ನಡುವೆ, ಬೋರಲು ಹಾಕಿದ ಬಟ್ಟೆಯ ಬುಟ್ಟಿಯ ಮೇಲೆ ಎಪ್ಪತ್ತರ ಆಸುಪಾಸಿನ ಹೆಂಗಸೊಬ್ಬರು ಮನೆಯಲ್ಲಿ ತೊಡುವ ನಿಲುವಂಗಿಯಲ್ಲಿ ಕೂತಿದ್ದರು. ಅಂಗಿ ಮೊಣಕಾಲಿನ ಮೇಲೆ ಸರಿದಿತ್ತು. ಒಂದು ಕಾಲಿನಲ್ಲಿ ಮಾತ್ರ ಚಪ್ಪಲಿ. ಅವರು ರಸ್ತೆಯಾಚೆಗಿನ ಮನೆಯನ್ನು ನೋಡುತ್ತಿದ್ದರು. ಅಲ್ಲಿದ್ದ ಅವರ ಗೆಳತಿ ಉಳಿದಿರಲಿಲ್ಲ ಎಂಬುದು ನಮಗೆ ಆಮೇಲೆ ತಿಳಿಯಿತು. ಅವರಿಗೆ ಆಗಲೇ ತಿಳಿದಿತ್ತು.

"ಮುಗೀತು, ಇಳಿ."

ಆ ದಿನ ನಾನು ಫೋನನ್ನು ಡಬ್ಬಿಗೆ ಹಾಕಲಿಲ್ಲ. ಆಂಬುಲೆನ್ಸ್ ಕರೆಯಬೇಕಾದೀತು ಎಂದು ನನಗೆ ನಾನೇ ಹೇಳಿಕೊಂಡು ಜಾಕೆಟ್ಟಿನ ಜೇಬಿಗೆ ಹಾಕಿಕೊಂಡೆ. ಕಾರಿನಲ್ಲಿ ರೇಡಿಯೋ ಇತ್ತು. ಆಂಟಿ ಆಗಲೇ ಅದರಲ್ಲಿ ಮಾತಾಡಿಯೂ ಆಗಿತ್ತು.

ಮನೆ ಮೂರು ಕಡೆ ತೆರೆದಿತ್ತು. ನಾವು ನಿಂತದ್ದು ಅದರ ಪಕ್ಕದಲ್ಲಿ, ಅಲ್ಲಿಂದ ಆ ಹೆಂಗಸಿನ ತನಕ ನೇರವಾಗಿ ಹತ್ತು ಹೆಜ್ಜೆ. ಆಂಟಿ ಹಾಗೆ ಹೋಗಲಿಲ್ಲ. ಹುಲ್ಲಿನ ಮೇಲೆ ಚೆಲ್ಲಿದ್ದ ಹಲಗೆ, ಮೊಳೆ ದಾಟುತ್ತ ಇಡೀ ಮನೆಯನ್ನು ಸುತ್ತಿ ಮುಂಭಾಗಕ್ಕೆ ಬಂದರು. ಅಲ್ಲಿ ಬಾಗಿಲೂ ಇರಲಿಲ್ಲ, ಚೌಕಟ್ಟೂ ಇರಲಿಲ್ಲ. ಮೂರು ಮೆಟ್ಟಿಲು, ಒಂದು ಒದ್ದೆಯಾದ ಕಾಲೊರಸು. ಆಂಟಿ ಆ ಕಾಲೊರಸಿನ ಮೇಲೆ ನಿಂತು ಇಂಗ್ಲಿಷಿನಲ್ಲಿ ಕೇಳಿದರು. "ಒಳಗೆ ಬರಬಹುದಾ?"

ಅದನ್ನೇ ನಾನು ತೆಗೆದದ್ದು, ಆ ಹೆಂಗಸಿನ ಮುಖವೂ ಅದರಲ್ಲಿ ಬಂದಿತ್ತು. ಚಿತ್ರ ನೇರವಾಗಿತ್ತು, ಬೆಳಕು ಚೆನ್ನಾಗಿತ್ತು. ಹದಿನೇಳು ಸೆಕೆಂಡ್ ಆದ ಮೇಲೆ ಫೋನ್ ಒಳಗಿಟ್ಟೆ.

ಆಮೇಲೆ ನಡೆದದ್ದು ಅದರಲ್ಲಿಲ್ಲ. ಆ ಹೆಂಗಸು ತಲೆಯೆತ್ತಿ ಆಂಟಿಯನ್ನು ಸ್ವಲ್ಪ ಹೊತ್ತು ನೋಡಿದರು. ಕೂದಲನ್ನು ಕೈಯಿಂದ ಹಿಂದಕ್ಕೆ ಸರಿಸಿಕೊಂಡರು. ನಿಲುವಂಗಿಯನ್ನು ಮೊಣಕಾಲಿನ ಕೆಳಗೆ ಎಳೆದುಕೊಂಡರು. "ಒಂದು ನಿಮಿಷ," ಎಂದರು. ಎದ್ದು, ದಾರಿಗೆ ಅಡ್ಡ ಬಿದ್ದಿದ್ದ ಒಂದು ದಿಂಬನ್ನು ಎತ್ತಿ ಪಕ್ಕಕ್ಕಿಟ್ಟು, "ಬನ್ನಿ," ಎಂದರು. ಆ ಒಂದು ನಿಮಿಷದಲ್ಲಿ ಅದು ಮತ್ತೆ ಅವರ ಮನೆಯಾಯಿತು.

ಸಂಜೆಯವರೆಗೆ ಅಲ್ಲಿದ್ದೆವು. ಅವರ ಮಾತ್ರೆಗಳು ಸಿಕ್ಕವು, ಇನ್ನೊಂದು ಚಪ್ಪಲಿಯೂ ಸಿಕ್ಕಿತು. ಮಗ ಬಂದು ಕರೆದುಕೊಂಡು ಹೋದ. ಹಿಂದಿರುಗುವಾಗ ಆಂಟಿಯನ್ನು ಕೇಳಿದೆ, ಯಾಕೆ ಸುತ್ತಿಕೊಂಡು ಹೋದಿರಿ ಎಂದು.

"ನಾ ಸಣ್ಣಾಕಿದ್ದಾಗ ಜಡಿಮಳಿಗೆ ನಮ್ಮ ಮಣ್ಣಿನ ಮನಿ ಬಿತ್ತು," ಎಂದರು. ಕಣ್ಣು ರಸ್ತೆಯ ಮೇಲಿತ್ತು. "ಅವ್ವ ಒಲಿ ಮುಂದ ಕುಂತಿದ್ಲು. ಗ್ವಾಡಿ ಇಲ್ಲಲ್ಲ, ನೋಡಾಕ ಬಂದ ಮಂದಿ ಬೂಟ್ ಹಾಕ್ಕೊಂಡು ಸೀದಾ ಒಲಿ ತನಕ ಬಂದ್ರು. ಮನಿ ಬಿದ್ದಾಗ ಅವ್ವ ಅಳಲಿಲ್ಲ, ಅವಾಗ ಅತ್ಲು." ನನ್ನ ಜೇಬಿನಲ್ಲಿ ಫೋನ್ ಇತ್ತು.

ಅದೇ ರಾತ್ರಿ ವಿಡಿಯೋವನ್ನು ರೂಮ್‌ಮೇಟ್‌ಗೆ ಕಳಿಸಿದೆ. ಆಂಟಿ ಎಂಥವರು ಎಂದು ಮಾತಿನಲ್ಲಿ ಹೇಳಲು ನನಗೆ ಬಂದಿರಲಿಲ್ಲ, ಕಾರಣ ಅಷ್ಟೇ. ಅದು ಎಷ್ಟು ಬೇಗ ಕೈ ತಪ್ಪಿತೆಂದರೆ, ನಾನು ಅವಳನ್ನು ಕೇಳುವ ಹೊತ್ತಿಗೆ ಡಲ್ಲಾಸ್‌ನ ಕನ್ನಡದವರ ಗ್ರೂಪ್‌ಗಳನ್ನು ದಾಟಿ ಹ್ಯೂಸ್ಟನ್ನಿನ ಗ್ರೂಪ್‌ಗಳಿಗೂ ಹೋಗಿತ್ತು.

"ಬರೀ ನಮ್ಮ ಫ್ಯಾಮಿಲಿ ಗ್ರೂಪ್‌ಗೆ ಹಾಕ್ದೆ ಕಣೇ," ಎಂದಳು. "ಒಳ್ಳೇದಕ್ಕೇ ಅಲ್ವಾ?"

ಯಾರೋ ಅದಕ್ಕೆ ಹಾಡು ಸೇರಿಸಿದರು. 'ನಮ್ಮ ಹೆಮ್ಮೆಯ ಕನ್ನಡತಿ' ಎಂದು ಇನ್ನಾರೋ ಮೇಲೆ ಬರೆದರು. ಅಲ್ಲಿಂದ ಅದು ಎಲ್ಲರೂ ನೋಡುವ ಕಡೆಗೆ ಹೋಯಿತು, ಆ ಊರಿಗೂ ಹೋಯಿತು. ಆ ಹೆಂಗಸಿನ ಮೊಮ್ಮಗಳು ಅದನ್ನು ಸ್ಕೂಲಿನಲ್ಲಿ ಇನ್ನೊಬ್ಬರ ಫೋನಿನಲ್ಲಿ ನೋಡಿದಳಂತೆ.

ಎರಡು ವಾರದ ಬಳಿಕ ಫ್ರಿಸ್ಕೋದಲ್ಲಿ ಯಾರದೋ ಗೃಹಪ್ರವೇಶ. "ಆಂಟಿ, ನೀವು ಈಗ ಸೆಲೆಬ್ರಿಟಿ," ಎಂದು ಹುಡುಗನೊಬ್ಬ ಫೋನನ್ನು ಅವರ ಮುಂದೆ ಹಿಡಿದ. ಆಂಟಿ ಪೂರ್ತಿ ನೋಡಿದರು. ಫೋನ್ ಹಿಂದಿರುಗಿಸಿದರು. ತಟ್ಟೆ ಕೆಳಗಿಟ್ಟು, ಕೈ ತೊಳೆದು, ನಾನು ನಿಂತಿದ್ದಲ್ಲಿಗೆ ಬಂದರು.

"ಅವತ್ತು ಫೋನ್ ಡಬ್ಯಾಗ ಇರಲಿಲ್ಲೇನು?"

"ಇರ್ಲಿಲ್ಲ ಆಂಟಿ."

"ತಗದ್ ಬಿಡು."

"ತೆಗೀತೀನಿ."

ಬೈಯಲಿಲ್ಲ. ಬೈದಿದ್ದರೆ ನನಗೆ ಸುಲಭವಾಗುತ್ತಿತ್ತು. ಆ ವಾರವೆಲ್ಲ ಒಬ್ಬೊಬ್ಬರಿಗೇ ಫೋನ್ ಮಾಡಿ, "ನನ್ನ ಸಲುವಾಗಿ ತಗೀರಿ," ಎಂದು ಕೇಳಿ ಆಂಟಿಯೇ ಅದನ್ನು ತೆಗೆಸಿದರು. ಹೊಗಳಿದವರು ಬೇಸರಪಟ್ಟುಕೊಂಡರು. ಆಂಟಿಗೆ ಅಹಂಕಾರ ಎಂದವರೂ ಇದ್ದರು.

ಶನಿವಾರ ನನ್ನನ್ನು ಆ ಊರಿಗೆ ಕರೆದುಕೊಂಡು ಹೋದರು. ಆ ಹೆಂಗಸು ಮಗನ ಮನೆಯಲ್ಲಿದ್ದರು. ಆಂಟಿ ಕಾರು ನಿಲ್ಲಿಸಿ, "ಬರ್ತಿಯೇನು?" ಎಂದರು. ನಾನು ಸೀಟ್ ಬೆಲ್ಟಿನ ಗುಂಡಿಯನ್ನು ನೋಡುತ್ತ ಕೂತೆ. "ಆಮೇಲೆ ಬರ್ತೀನಿ ಆಂಟಿ," ಎಂದೆ. ಅವರು ಹೋದರು. ಇಪ್ಪತ್ತು ನಿಮಿಷ ಬಿಟ್ಟು ಬಂದರು. ಎಷ್ಟೋ ಮೈಲಿ ದಾಟಿದ ಮೇಲೆ, ಏನಾಯಿತು ಎಂದು ಕೇಳಿದೆ.

"ಹೇಳಿ ಬಂದೆ. ರೊಟ್ಟಿ ಐತಿ ತಿನ್ನು."

ಒಂದು ತಿಂಗಳಾದ ಮೇಲೆ, "ತಗದಿ ಇಲ್ಲೋ?" ಎಂದು ಕೇಳಿದರು. "ತೆಗ್ದೆ ಆಂಟಿ," ಎಂದೆ. ಅಳಿಸಿರಲಿಲ್ಲ. ಅದು ನಾನು ತೆಗೆದ ಎಲ್ಲದಕ್ಕಿಂತ ಒಳ್ಳೆಯ ಚಿತ್ರವಾಗಿತ್ತು. ಇನ್ನೂ ದೊಡ್ಡ ಕಾರಣಗಳನ್ನು ಹುಡುಕಬಹುದು, ಆದರೆ ನಿಜವಾದದ್ದು ಇದೇ.

ಮತ್ತೊಂದು ವಸಂತವೂ ನಾವು ಜೊತೆಗೆ ಹೋದೆವು. ಫೋನನ್ನು ಅವರು ಕೇಳುವ ಮೊದಲೇ ಡಬ್ಬಿಗೆ ಹಾಕುತ್ತಿದ್ದೆ. ನಂತರ ನಾನು ಕೆಲಸ ಸಿಕ್ಕಿ ಆಸ್ಟಿನ್‌ಗೆ ಶಿಫ್ಟ್ ಆದೆ. ಅವರಿಗೆ ಕಾಯಿಲೆ ಎಂದು ತಿಳಿಯಿತು. ಹ್ಯೂಸ್ಟನ್ನಿನ ಆಸ್ಪತ್ರೆಗೆ ಹತ್ತಿರವಾಗಲಿ ಎಂದು ಸೈಪ್ರೆಸ್‌ನ ಮಗಳ ಮನೆಗೆ ಬಂದರು. ಅವರ ಕೋಣೆಯ ಕಿಟಕಿಯಿಂದ ಕಾಣುತ್ತಿದ್ದದ್ದು ಪಕ್ಕದ ಮನೆಯ ಗೋಡೆ ಮತ್ತು ಅದರ ಮೇಲೆ ಅಂಗೈ ಅಗಲದ ಆಕಾಶ. ಅಷ್ಟರಲ್ಲೇ ಅವರು, "ಮೂರ್ ತಾಸಿಗೆ ಮಳಿ ಬರ್ತೈತಿ, ಒಣಾ ಹಾಕಿದ ಅರಿವಿ ಒಳಗ ತಗೋರಿ," ಎಂದು ಮಗಳಿಗೆ ಕೂಗಿ ಹೇಳುತ್ತಿದ್ದರು. ಬರುತ್ತಿತ್ತು.

ಕೂದಲು ಉದುರಿತ್ತು. ನೋಡಲು ಬಂದವರು ಯಾರೇ ಆಗಲಿ ಕೋಣೆಯ ಹೊರಗೆ ನಿಲ್ಲಬೇಕಿತ್ತು. "ತಡೀರಿ," ಎಂಬ ದನಿ ಬರುತ್ತಿತ್ತು. ಸ್ಕಾರ್ಫ್ ಕಟ್ಟಿಕೊಂಡು, ಹೊದಿಕೆ ಸರಿಮಾಡಿಕೊಂಡು, "ಬರ್ರಿ," ಎನ್ನುತ್ತಿದ್ದರು. ನಾನು ಕೊನೆಯ ಸಲ ಹೋಗಿದ್ದಾಗ ಪರಿಚಯದ ಒಬ್ಬರು ಬಂದಿದ್ದರು. ಪ್ರಾರ್ಥನೆಯ ಗ್ರೂಪ್‌ಗೆ ಹಾಕಲು ಒಂದು ಫೋಟೋ ತೆಗೆಯಲೇ ಎಂದು ಪ್ರೀತಿಯಿಂದಲೇ ಕೇಳಿದರು. ಆಂಟಿ ನಕ್ಕು, "ಹೆಸರ್ ಹೇಳಿ ಬೇಡಕೋರಿ, ದೇವರಿಗೆ ನನ್ನ ಮಾರಿ ಗೊತ್ತೈತಿ," ಎಂದರು. ಆಮೇಲೆ ನನ್ನ ಕಡೆ ನೋಡಿದರು. ಅದರಲ್ಲಿ ಆಪಾದನೆ ಇತ್ತೆಂದು ನಾನು ಹೇಳಲಾರೆ. ಆದರೂ ವಿಡಿಯೋ ಇನ್ನೂ ನನ್ನ ಹತ್ತಿರ ಇದೆ ಎಂದು ಆಗ ಹೇಳಿಬಿಡಬಹುದಿತ್ತು. ಬಂದವರು ಹೊರಟುಹೋದ ಮೇಲೆ ಆಂಟಿ, ನಾನು ಇಬ್ಬರೇ ಒಂದು ಗಂಟೆ ಇದ್ದೆವು. ನಾನು ಹೇಳಲಿಲ್ಲ.

ಅವರು ತೀರಿಹೋದ ಮೂರನೆಯ ದಿನ ಅಂಕಲ್ ಫೋನ್ ಮಾಡಿದರು.

"ಎಲ್ಲಾರ ಹತ್ರಾನೂ ಫೋಟೋ ಅದಾವವಾ. ದನಿ ಇಲ್ಲ. ಅಕಿ ಎಂದೂ ಮಾತಾಡೂದು ತಗಿಸಿಕೊಂಡಾಕಿ ಅಲ್ಲ. ಅದೊಂದ್ ವಿಡಿಯೋದಾಗ ಮಾತಾಡ್ಯಾಳ. ಎಲ್ಲಾರೂ ಅಳಿಸಿಬಿಟ್ಟಾರ. ನಿನ್ನ ಹತ್ರ ಉಳದೈತೇನು?"

ಅವರು ಅಳುತ್ತಿರಲಿಲ್ಲ. ಸೋಫಾದಿಂದ ಗೇಲಿ ಮಾಡುತ್ತಿದ್ದ ಆ ದನಿ ಚಿಕ್ಕದಾಗಿತ್ತು.

"ಇದೆ ಅಂಕಲ್," ಎಂದೆ. ಅದನ್ನು ಅಳಿಸದೆ ಇಟ್ಟುಕೊಂಡ ವಿಷಯದಲ್ಲಿ ನಾನು ಆಡಿದ ಮೊದಲ ನಿಜ ಅದು. "ಆದ್ರೆ ಅದರಲ್ಲಿ ಇನ್ನೊಬ್ರು ಇದಾರೆ. ಅವರನ್ನ ಕೇಳ್ಬೇಕು."

"ಕೇಳು," ಎಂದರು ಅಂಕಲ್. "ಅಕೀನೂ ಅದನ್ನ ಅಂತಿದ್ಲು."

ಆಸ್ಟಿನ್‌ನಿಂದ ಆ ಊರಿಗೆ ಒಬ್ಬಳೇ ಡ್ರೈವ್ ಮಾಡಿಕೊಂಡು ಹೋದೆ. ಅದೇ ಜಾಗದಲ್ಲಿ ಹೊಸ ಮನೆ ಎದ್ದಿತ್ತು. ಮೆಟ್ಟಿಲು ಮಾತ್ರ ಹಳೆಯವು. ರಸ್ತೆಯಾಚೆಗಿನ ಜಾಗ ಹಾಗೇ ಖಾಲಿ, ಹುಲ್ಲು ಬೆಳೆದಿತ್ತು. ಬಾಗಿಲು ತಟ್ಟಿದೆ. ಆ ಹೆಂಗಸೇ ತೆರೆದರು. ನಾನು ಯಾರೆಂದು ಹೇಳುವ ಮೊದಲು ಆಂಟಿ ತೀರಿಹೋದದ್ದನ್ನು ಹೇಳಿದೆ. ಅವರು ಬಾಗಿಲಿನ ಅಂಚನ್ನು ಹಿಡಿದುಕೊಂಡರು.

"ಆ ವಿಡಿಯೋ ತೆಗೆದದ್ದು ನಾನು," ಎಂದೆ.

ಅವರು ಇಂಗ್ಲಿಷಿನಲ್ಲಿ ಹೇಳಿದ್ದನ್ನು ನೆನಪಿರುವಷ್ಟು ಹೀಗೆ ಬರೆಯುತ್ತೇನೆ. "ಗೊತ್ತು. ತಾನೇ ತೆಗೆದದ್ದು ಅಂತ ಅವಳು ನನ್ನ ಮುಂದೆ ಕೂತು ಹೇಳಿದಳು. ಅವಳೇ ಅದರಲ್ಲಿ ಕಾಣ್ತಾಳಲ್ಲಮ್ಮ. ಸುಳ್ಳು ಹೇಳೋದು ಅವಳಿಗೆ ಬರ್ತಾ ಇರಲಿಲ್ಲ. ಕಾರಿನಲ್ಲಿ ಯಾರು ಕೂತಿದಾರೆ ಅಂತ ಕೇಳಿದೆ. ಒಬ್ಬಳು ಹುಡುಗಿ, ಆಮೇಲೆ ಬರ್ತಾಳೆ ಅಂದಳು."

ಆಂಟಿ ನನ್ನ ತಪ್ಪನ್ನು ತಮ್ಮ ಮೇಲೆ ಹಾಕಿಕೊಂಡಿರಬಹುದೆಂದು ಮೂರು ವರ್ಷದಲ್ಲಿ ನನಗೆ ಹೊಳೆದೇ ಇರಲಿಲ್ಲ. ನಾನು ಕ್ಷಮೆ ಕೇಳಿದೆ. ಸಿದ್ಧ ಮಾಡಿಕೊಂಡು ಹೋಗಿದ್ದ ವಾಕ್ಯಗಳು ಯಾವುವೂ ಬರಲಿಲ್ಲ, ಚಿಕ್ಕದೊಂದು ಬಂತು. ಆಮೇಲೆ ಅಂಕಲ್ ಕೇಳಿದ್ದನ್ನು ಹೇಳಿದೆ.

"ಇಲ್ಲ," ಎಂದರು. "ಕ್ಷಮಿಸು. ಅವಳ ಗಂಡನಿಗೂ ಹೇಳು. ನೀನು ತೆಗೆದದ್ದು ನಾನು ಕೂದಲು ಸರಿಮಾಡಿಕೊಳ್ಳೋದಕ್ಕೆ ಮುಂಚೆ. ಅಲ್ಲಿ ನನ್ನ ಗೆಳತಿ ಸತ್ತು ಅರ್ಧ ಗಂಟೆಯೂ ಆಗಿರಲಿಲ್ಲ. ಆ ಮುಖ ಯಾರಿಗೂ ಅಲ್ಲ." ಆಮೇಲೆ ಅಂದರು, "ದನಿ ಅವಳದು. ಅದನ್ನ ಕೊಡು."

ಅಲ್ಲೇ ನಿಂತು ದನಿಯನ್ನಷ್ಟೇ ಬೇರೆ ಮಾಡಿ ಉಳಿಸಿಕೊಂಡೆ. ಚಿತ್ರವನ್ನು ಅವರ ಕಣ್ಣೆದುರಿಗೇ ಅಳಿಸಿದೆ. ಇದನ್ನೆಲ್ಲ ಬರೆಯಬಹುದೇ ಎಂದೂ ಕೇಳಿದೆ. ಹೆಸರು, ಊರು ಬೇಡ ಎಂದರು. ಹಾಗೆಂದ ಮೇಲೆ ಆಂಟಿಯ ಹೆಸರನ್ನು ಬರೆಯುವುದೂ ನನಗೆ ಸರಿಕಾಣಲಿಲ್ಲ.

"ಕೇಳಿಸು," ಎಂದರು.

ಫೋನನ್ನು ಅಂಗೈಯಲ್ಲಿ ಬೋರಲಾಗಿ ಹಿಡಿದು ಕೇಳಿಸಿದೆ. ಮೊದಲು ಗಾಳಿ. ಹಲಗೆಯ ಮೇಲೆ ಬೂಟಿನ ಸದ್ದು. ಸದ್ದು ನಿಂತಿತು. ಆಮೇಲೆ ಆಂಟಿ, ರೇಡಿಯೋದಲ್ಲಿ ಮಾತಾಡುವ ಆ ಅಳೆದ ಇಂಗ್ಲಿಷಿನಲ್ಲಿ, ಒಳಗೆ ಬರಬಹುದಾ ಎಂದು ಕೇಳಿದರು.

ಆ ಹೆಂಗಸಿನ ಕೈ ತಾನಾಗಿ ಕೂದಲಿಗೆ ಹೋಯಿತು. ನಾನು ಇನ್ನೂ ಕಾಲೊರಸಿನ ಮೇಲೇ ನಿಂತಿದ್ದೆ. ಅವರು ಬಾಗಿಲನ್ನು ಪೂರ್ತಿ ತೆರೆದು ಪಕ್ಕಕ್ಕೆ ಸರಿದರು.

"ಬಾ," ಎಂದರು.